ಮ್ಯಾಂಚಿನೀಲ್ ಮರದ ಗುರುತು

ಫೆಬ್ರವರಿ 3, 1997, ಸೋಮವಾರ

ಇವತ್ತು ಹೇಳಿಯೇಬಿಟ್ಟರು. ದ್ವೀಪಕ್ಕೆ ಹೋಗುವವಳು ನಾನಲ್ಲ.

ಬೆಳಗಿನ ಮೀಟಿಂಗಿನಲ್ಲಿ ಡಾ. ಹಾರ್ಮನ್ ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. ಮೇ ತಿಂಗಳಲ್ಲಿ ಸೇಂಟ್ ಕ್ರಾಯ್ ದ್ವೀಪಕ್ಕೆ ಅವರ ಜೊತೆ ಶ್ರೀಲತಾ ಹೋಗುತ್ತಾಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಒಂದು ಅಂಗೈಯಲ್ಲಿ ಶಾಯಿ ಹಸಿ ಇತ್ತು, ಇನ್ನೊಂದು ಕೈಗೂ ಮೆತ್ತಿಕೊಂಡಿತು.

ಶ್ರೀಲತಾ. ಹೆಸರು ಎರಡು ಸಲ ಬರೆದದ್ದಾಯಿತು, ಸಾಕು. ಮೈಸೂರಿನ ಹುಡುಗಿ. ಇಲ್ಲಿಯ ಕಾಲೇಜ್ ಪಾರ್ಕ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮುಗಿಸಿ ಟ್ರೇನಿಂಗ್ ಅಂತ ನಮ್ಮ ಮ್ಯೂಸಿಯಂಗೆ ಬಂದು ಇನ್ನೂ ಚಳಿಗಾಲ ಒಂದು ಮುಗಿದಿಲ್ಲ. ನಾನು ಆ ಒಂದು ದ್ವೀಪದ ಗಿಡಗಳ ಚಿತ್ರ ಬರೆಯುತ್ತ ಕುಳಿತು ಆರು ವರ್ಷ. ಅಲ್ಲಿ ತಾನಾಗಿ ಹುಟ್ಟಿದವು, ಹೊರಗಿನಿಂದ ಬಂದು ಕಾಡು ಹಿಡಿದವು, ಎರಡೂ ಸೇರಿ ಬರಲಿರುವ ದೊಡ್ಡ ಪುಸ್ತಕಕ್ಕೆ ಚಿತ್ರಗಳೆಲ್ಲ ನನ್ನವು. ಕಬ್ಬಿಣದ ಕಪಾಟಿನಿಂದ ಒಣಗಿಸಿ ಅಂಟಿಸಿದ ಹಾಳೆ ತೆಗೆಯುವುದು, ಒಂದು ಮುದುಡಿದ ಹೂವನ್ನು ಬಿಸಿನೀರಲ್ಲಿ ಬಿಡುವುದು, ಅದು ಮೆತ್ತಗಾಗುವ ತನಕ ಕಾಯುವುದು, ಲೆನ್ಸಿನ ಕೆಳಗೆ ಬಿಡಿಸಿ ನೋಡುವುದು, ಬರೆಯುವುದು. ಆ ಗಿಡಗಳಲ್ಲಿ ಒಂದನ್ನೂ ಅವು ನಿಂತ ನೆಲದಲ್ಲಿ ನಾನು ಕಂಡಿಲ್ಲ. ನನ್ನ ದ್ವೀಪವೆಲ್ಲ ಚಹಾಪುಡಿಯ ಬಣ್ಣದ್ದು.

ಅವಳು ಹೋಗಿ ಹಸಿರು ನೋಡಿ ಬರುತ್ತಾಳೆ.

ಫೆಬ್ರವರಿ 4, ಮಂಗಳವಾರ

ಗಂಡ ಗುರುರಾಜರಿಗೆ ಹೇಳಬಾರದೆಂದುಕೊಂಡಿದ್ದೆ. ಶೇಡಿ ಗ್ರೋವ್ ಮೆಟ್ರೋ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ಕಾರಿನೊಳಗೇ ಹೇಳಿಬಿಟ್ಟೆ. ಅವರು ತಮ್ಮ ಲ್ಯಾಬಿನಲ್ಲಿ ಪ್ರೋಟೀನಿನ ಫಲಿತಾಂಶ ಓದುವ ಧಾಟಿಯಲ್ಲಿ ಮಾತಾಡಿದರು.

"ನಿನಗ ಹೈವೇ ಮ್ಯಾಲ ಗಾಡಿ ಹೊಡೀಲಿಕ್ಕೆ ಬರೂದಿಲ್ಲ, ಈಜೂದು ಬರೂದಿಲ್ಲ. ಆ ಹಾರ್ಮನ್ ಬಾಯಿ ಗುಡ್ಡ ಹತ್ತೂ ಹೊತ್ತಿನ್ಯಾಗ ಜೀಪು ಯಾರು ಹೊಡೀಬೇಕು? ಅವ್ರ ಜಾಗಾದಾಗ ನೀ ಇದ್ರ ಯಾರ್ನ ಕರಕೊಂಡು ಹೋಗ್ತಿದ್ದಿ?"

"ನನ್ನನ್ನ" ಎಂದೆ.

ನಕ್ಕರು. ನಾನು ಮನೆ ಬರುವ ತನಕ ಕಿಟಕಿಯ ಆಚೆ ನೋಡಿದೆ. ರಾತ್ರಿ ಅನ್ನಕ್ಕೆ ತುಪ್ಪ ಬಡಿಸಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ.

ಫೆಬ್ರವರಿ 21, ಶುಕ್ರವಾರ

ಆ ಹುಡುಗಿ ನನ್ನನ್ನು "ನೀಲಾ ಆಂಟಿ" ಎನ್ನುತ್ತಾಳೆ. ಆಫೀಸಿನಲ್ಲಿ! ನಮ್ಮ ವಿಭಾಗದ, ಎಪ್ಪತ್ತು ದಾಟಿದ ವಾಲ್ಟರ್ ಕೂಡ ನನ್ನನ್ನು ನೀಲಾ ಎಂದಷ್ಟೇ ಕರೆಯುವಾಗ, ಈ ಇಪ್ಪತ್ತಾರರವಳ ಬಾಯಲ್ಲಿ ನಲವತ್ತನಾಲ್ಕರ ನಾನು ಆಂಟಿ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ನನ್ನ ಪ್ರೊಫೆಸರರು ಎಲ್ಲರೆದುರು ಪೂರ್ತಿ ಹೆಸರಿನಿಂದ, ನೀಲಗಂಗಾ ಎಂದು ಕರೆಯುತ್ತಿದ್ದರು. ಅದು ಎಷ್ಟು ಚೆಂದ ಕೇಳಿಸುತ್ತಿತ್ತು.

ಇವತ್ತು ಊಟದ ಹೊತ್ತಿಗೆ ಎದುರು ಬಂದು ಕುಳಿತಳು. ಡಬ್ಬಿಯಲ್ಲಿ ಬಿಸಿಬೇಳೆಬಾತ್. "ಸ್ವಲ್ಪ ತಗೊಳ್ಳಿ ಆಂಟಿ, ನಿನ್ನೆ ಮಾಡಿದ್ದು, ಮೈಕ್ರೋವೇವ್ ಮಾಡಿದೀನಿ." ಒಂದು ಚಮಚ ತಿಂದೆ. ಚೆನ್ನಾಗಿತ್ತು. ಹೇಳಲಿಲ್ಲ.

ಮಾರ್ಚ್ 27, ಗುರುವಾರ

ಚೆರ್ರಿ ಹೂಗಳು ಅರಳಿವೆಯೆಂದು ಇಡೀ ಊರು ಕೊಳದ ಕಡೆ ಓಡುತ್ತಿದೆ. ಮೆಟ್ರೋದಲ್ಲಿ ನಿಲ್ಲಲು ಜಾಗವಿಲ್ಲ.

ಅವಳು ನನ್ನ ಟೇಬಲ್ಲಿನ ಬಳಿ ನಿಂತು ಗಂಬೋ ಲಿಂಬೋ ಮರದ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ, ಸುಲಿದು ಸುರುಳಿ ಸುತ್ತಿದ ತೊಗಟೆ.

"ಇದನ್ನ ನೋಡ್ದೇನೇ ಬರೆದ್ರಾ? ನೀವು ಅಲ್ಲಿಗೆ ಹೋಗೇ ಇಲ್ಲ ಅಂದ್ರೆ ಯಾರೂ ನಂಬಲ್ಲ ಆಂಟಿ."

ಹೊಗಳಿಕೆಯೇ ಇರಬೇಕು. ಆದರೆ ಆ ಮಾತಿನಲ್ಲಿ ನನಗೆ ಕೇಳಿಸಿದ್ದು ಇಷ್ಟೇ: ನೀವು ಅಲ್ಲಿಗೆ ಹೋಗೇ ಇಲ್ಲ.

ಮೇ 8, ಗುರುವಾರ

ಸೋಮವಾರ ಹೊರಡುತ್ತಾರೆ. ಇಡೀ ದಿನ ಗದ್ದಲ. ಗಿಡ ಒತ್ತಿ ಒಣಗಿಸುವ ಪ್ಲಾಂಟ್ ಪ್ರೆಸ್ಸು, ಹಳೆಯ ಪೇಪರು, ಸೊಳ್ಳೆಯ ಎಣ್ಣೆ. ಅವಳು ಹೊಸ ಟೋಪಿ ಹಾಕಿಕೊಂಡು ಕಾರಿಡಾರಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದಳು.

ಮಧ್ಯಾಹ್ನ ನನ್ನ ಟೇಬಲ್ಲಿನ ಮೇಲೆ ಮ್ಯಾಂಚಿನೀಲ್ ಮರದ ಚಿತ್ರ ಇತ್ತು. ದ್ವೀಪದ ಕಡಲಂಚಿನಲ್ಲಿ ತಾನಾಗಿ ಬೆಳೆಯುವ ಮರ. ನೋಡಲು ಸಾಧು, ಮೈಯೆಲ್ಲ ವಿಷ. ಅದರ ಹಾಲು ತಾಗಿದರೆ ಚರ್ಮ ಸುಟ್ಟಂತೆ ಬೊಬ್ಬೆಯೇಳುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಲ್ಲಲೂ ಬಾರದು. ಅವಳು ಬರುವುದು ಕಂಡಿತು. ನಾನು ಅದರ ಮೇಲೆ ಒತ್ತುಕಾಗದ ಎಳೆದೆ. ಯಾಕೆ ಎಳೆದೆನೋ, ಕೈ ತಾನೇ ಹೋಯಿತು.

"ನೀಲಾ ಆಂಟಿ, ಒಂದ್ ಡೌಟು. ಮ್ಯಾಂಚಿನೀಲ್‌ನ ಹೇಗೆ ಗುರುತು ಹಿಡಿಯೋದು? ಎಚ್ಚರಿಕೆಗೆ ಅಂತ ಕೆಂಪು ಪಟ್ಟಿ ಹೊಡೆದಿರೋ ಮರದ ಹತ್ರ ಹೋಗ್ಬೇಡ ಅಂದ್ರು ಡಾಕ್ಟರ್ ಹಾರ್ಮನ್. ಪಟ್ಟಿ ಇಲ್ದೇ ಇದ್ರೆ? ಕಾಯಿ ಬಿಟ್ಟಿಲ್ದೇ ಇದ್ರೆ?"

ನನಗೆ ಗೊತ್ತಿತ್ತು. ಎಲೆಯ ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ. ಅದನ್ನು ಹತ್ತು ಪಟ್ಟು ದೊಡ್ಡದು ಮಾಡಿ ಬೆಳಗ್ಗೆಯಷ್ಟೇ ಬರೆದು ಮುಗಿಸಿದ್ದೆ. ಒತ್ತುಕಾಗದದ ಕೆಳಗೇ ಇತ್ತು.

"ಲೈಬ್ರರಿ ಪುಸ್ತಕದಾಗ ಐತಿ, ನೋಡಿಕೋ" ಎಂದೆ.

"ಓಕೆ ಆಂಟಿ" ಎಂದು ಹೋದಳು. ಎರಡು ನಿಮಿಷದ ಮಾತು. ಹೇಳಬಹುದಿತ್ತು. ಎಲ್ಲವನ್ನೂ ನಾನೇ ಕಲಿಸಿ, ಕೈಗೆ ಕೊಟ್ಟು, ವಿಮಾನ ಹತ್ತಿಸಬೇಕೇನು? ನೋಡಿಕೊಳ್ಳಲಿ.

ಮೇ 12, ಸೋಮವಾರ

ಹೋದರು.

ಮೇ 19, ಸೋಮವಾರ

ಡಾ. ಹಾರ್ಮನ್ ಫೋನ್ ಮಾಡಿದ್ದರು. ವಾಲ್ಟರ್ ಸ್ಪೀಕರ್ ಹಾಕಿ ಎಲ್ಲರನ್ನೂ ಸುತ್ತ ಕೂಡಿಸಿದ. ಅವರು ಎರಡು ಮಾತು ಆಡುವಷ್ಟರಲ್ಲಿ ಅವಳು ರಿಸೀವರ್ ಕಸಿದುಕೊಂಡಳು. ಅಷ್ಟು ಜನ ಬಿಳಿಯರ ನಡುವೆ ಕನ್ನಡದಲ್ಲಿ ಕೂಗು.

"ನೀಲಾ ಆಂಟಿ! ಇಲ್ಲಿ ಹುಣಸೇಮರ ಇದೆ! ಬೀಚ್ ಪಕ್ಕ ಎಕ್ಕದ ಗಿಡ, ಮೈಸೂರಲ್ಲಿ ನಮ್ಮನೆ ಹಿಂದೆ ಇತ್ತು, ಅದೇ! ಲಂಟಾನಾನೂ ಇದೆ. ಆದ್ರೆ ಅದು ಇಲ್ಲೀದೇ ಅಂತೆ, ನಮ್ಮೂರಿಗೇ ಹೊರಗಿಂದ ಬಂದಿದ್ದಂತೆ! ನಿಮಗೆ ಗೊತ್ತಿತ್ತಾ?"

ಗೊತ್ತಿತ್ತಾ! ಹುಣಸೆ, ಎಕ್ಕ ಅಲ್ಲಿಗೆ ಹೊರಗಿನಿಂದ ಬಂದವು, ಅವಕ್ಕೆ ಅರ್ಧ ಪುಟ. ಲಂಟಾನ ಅಲ್ಲಿಯದು, ಅದಕ್ಕೆ ಪೂರ್ತಿ ಪುಟ. ಮೂರನ್ನೂ ಬರೆದವಳು ನಾನು. ಹುಣಸೇಮರ ಹತ್ತಿ ಎಳೆಗಾಯಿ ಉಪ್ಪು ಹಚ್ಚಿ ತಿಂದವಳು ನಾನು, ಲಂಗ ಹರಿದುಕೊಂಡು ಬೈಸಿಕೊಂಡವಳು ನಾನು. ಅದನ್ನು ಅಲ್ಲಿ ಗುರುತು ಹಿಡಿದು ಕುಣಿಯುವ ಭಾಗ್ಯ ಅವಳದು.

"ಏನಂತೆ?" ಎಂದು ವಾಲ್ಟರ್ ಕೇಳಿದ. "ಎಲ್ಲ ಚೆನ್ನಾಗಿದೆಯಂತೆ" ಎಂದೆ.

ಸಂಜೆ ಸ್ಟೇಷನ್ನಿನಲ್ಲಿ ಗುರುರಾಜರಿಗೆ, ನನಗೆ ಹೈವೇ ಡ್ರೈವಿಂಗ್ ಕಲಿಸಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

ಮೇ 24, ಶನಿವಾರ

ಊರು ಸುತ್ತುವ ಹೈವೇ, ಬೆಲ್ಟ್‌ವೇ ಮೇಲೆ ಓಡಿಸಿದೆ. ಮೊದಲ ಸಲ ಓಡುವ ಗಾಡಿಗಳ ಸಾಲಿಗೆ ಸೇರುವಾಗ ಇನ್ನೇನು ಕಣ್ಣು ಮುಚ್ಚಿಬಿಡುತ್ತಿದ್ದೆ. ಗುರುರಾಜರು ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. "ಹೊಡಿ, ಹೊಡಿ, ನಿಂದರಬ್ಯಾಡ, ಹಿಂದಿನಾಂವ ಹಾರ್ನ್ ಹೊಡದ್ರ ಹೊಡೀಲಿ." ಎಡಗಡೆಯ ಲಾರಿ ಮನೆಯಷ್ಟು ಎತ್ತರ. ಕೊನೆಗೆ ಅಂಗೈ ಒದ್ದೆ, ಬೆನ್ನು ಒದ್ದೆ. ಆದರೂ ಓಡಿಸಿದೆ.

ಮುಂದಿನ ಸಲ ಯಾರನ್ನು ಕರೆದುಕೊಂಡು ಹೋಗಬೇಕೆಂದು ಹಾರ್ಮನ್ ಯೋಚಿಸುವಾಗ ಜೀಪಿನ ಮಾತು ಬರಬಾರದು. ನಾಳೆ ಮತ್ತೆ.

ಮೇ 28, ಬುಧವಾರ

ಬೆಳಗ್ಗೆ ವಾಲ್ಟರ್ ನನ್ನ ಟೇಬಲ್ಲಿಗೆ ಬಂದು ಮೆಲ್ಲಗೆ ಹೇಳಿದ. ಶ್ರೀಲತಾಗೆ ಅಪಘಾತವಾಗಿದೆ. ರಸ್ತೆಯದಲ್ಲ. ಮರದ್ದು.

ಮೊನ್ನೆ ಒಂದು ದೂರದ ಕೊಲ್ಲಿಗೆ ಹೋಗಿದ್ದರಂತೆ. ಕಾರು ಹೋಗುವ ದಾರಿಯಿಲ್ಲ. ಹಾರ್ಮನ್ ಇನ್ನೊಂದು ಪ್ರೆಸ್ಸು ತರಲು ಜೀಪಿಗೆ ವಾಪಸು ನಡೆದಿದ್ದರು. ಅಷ್ಟರಲ್ಲಿ ಮಳೆ ಜೋರಾಗಿ ಹೊಯ್ದಿದೆ. ಕಿತ್ತ ಗಿಡಗಳು ನೆನೆಯಬಾರದೆಂದು ಅವನ್ನು ಅಪ್ಪಿಕೊಂಡು ಹತ್ತಿರದ ಮರದಡಿ ನಿಂತಿದ್ದಾಳೆ. ಕೆಂಪು ಪಟ್ಟಿ ಇರಲಿಲ್ಲ. ಕಾಯಿಯೂ ಇರಲಿಲ್ಲ. ಎಲೆಗಳಿಂದ ಇಳಿದ ನೀರು ತಲೆ, ಕುತ್ತಿಗೆ, ಮುಖದ ಮೇಲೆ ಬಿದ್ದಿದೆ. ಅವಳು ಅಂಗೈಯಿಂದ ಕಣ್ಣು ಒರೆಸಿಕೊಂಡಿದ್ದಾಳೆ.

ಆಸ್ಪತ್ರೆಯಲ್ಲಿ ಕಣ್ಣು ತೊಳೆದು ಪಟ್ಟಿ ಕಟ್ಟಿದ್ದಾರಂತೆ. ಎರಡೂ ಕಣ್ಣಿಗೆ.

"ನೀನು ಆ ಮರವನ್ನು ಬರೆದಿದ್ದೀಯಲ್ಲ, ಅಷ್ಟು ಕೆಟ್ಟದ್ದೇ ಅದು?" ಎಂದು ವಾಲ್ಟರ್ ಕೇಳಿದ. ಹೌದೆಂದು ತಲೆಯಾಡಿಸಿದೆ.

ಮೇ 29, ಗುರುವಾರ

ಕೆಲಸವಾಗಲಿಲ್ಲ. ಪೆನ್ನು ತೊಳೆದೆ, ಮತ್ತೆ ತೊಳೆದೆ.

ಜೂನ್ 1, ರವಿವಾರ

ಅವಳನ್ನು ಕರೆತಂದಿದ್ದಾರೆ. ಸೆಂಟರ್‌ವಿಲ್‌ನಲ್ಲಿ ಅವರ ಅಪಾರ್ಟ್‌ಮೆಂಟಿಗೆ ಗುರುರಾಜರ ಜೊತೆ ಹೋಗಿದ್ದೆ. ಕುತ್ತಿಗೆ, ಭುಜದ ಮೇಲೆಲ್ಲ ಬೊಬ್ಬೆ ಒಡೆದ ಗಾಯ. ಕಣ್ಣಿಗೆ ಬಿಳಿ ಪಟ್ಟಿ. ಗಾಯ ವಾಸಿಯಾಗುತ್ತದೆ, ಕಣ್ಣಿನಲ್ಲಿ ಕಲೆ ಉಳಿಯುತ್ತದೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆ ಗೊತ್ತಾಗುತ್ತದೆ ಎಂದಿದ್ದಾರೆ ಡಾಕ್ಟರು.

ಗಂಡ ಅಭಿಷೇಕ್ ಸಾಫ್ಟ್‌ವೇರಿನವನು. ಪ್ರಾಜೆಕ್ಟು ಅಟ್ಲಾಂಟಾದಲ್ಲಿ. ವಾರವೆಲ್ಲ ಅಲ್ಲಿ, ಶನಿವಾರ ರವಿವಾರ ಇಲ್ಲಿ. ಅಡುಗೆಮನೆಗೆ ಬಂದು ನಮಗಷ್ಟೇ ಕೇಳುವಂತೆ ಹೇಳಿದ: "ರಜೆ ಕೇಳಿದೆ ಅಂಕಲ್, ಕ್ಲೈಂಟ್ ಒಪ್ತಿಲ್ಲ. ಜಾಸ್ತಿ ಹೇಳಿದ್ರೆ ವೀಸಾ ವಿಷಯ ಬರುತ್ತೆ. ಅವಳ ಅಮ್ಮನಿಗೆ ಇನ್ನೂ ಹೇಳಿಲ್ಲ. ಏನ್ ಮಾಡೋದೋ ಗೊತ್ತಾಗ್ತಿಲ್ಲ."

"ನಾ ಇರ್ತೀನಿ" ಎಂದೆ.

ಗುರುರಾಜರು ತಿರುಗಿ ನೋಡಿದರು. ನನಗೂ ಆಶ್ಚರ್ಯವೇ. ಆದರೆ ಬೇರೆ ಯಾರಿದ್ದಾರೆ? ಯಾರಾದರೂ ಮಾಡಲೇಬೇಕಾದ ಕೆಲಸ.

ಜೂನ್ 3, ಮಂಗಳವಾರ

ನಿನ್ನೆ ಆಫೀಸಿಗೆ ರಜೆ ಹಾಕಿ, ನಾನೊಬ್ಬಳೇ ಕಾರು ಓಡಿಸಿಕೊಂಡು ಸೆಂಟರ್‌ವಿಲ್‌ಗೆ ಬಂದೆ. ಒಂದು ಎಕ್ಸಿಟ್ ತಪ್ಪಿ ಮುಂದಿನ ಊರು ಮನಾಸಸ್‌ವರೆಗೆ ಹೋಗಿ ತಿರುಗಿ ಬಂದೆ.

ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧಿ, ಗಾಯಕ್ಕೆ ಮುಲಾಮು. ಪಟ್ಟಿ ಬಿಚ್ಚಿ ಕಟ್ಟುವಾಗ ಕಣ್ಣು ಮುಚ್ಚಿಕೊಂಡೇ ಇರಬೇಕು. ಅವಳು ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ, ನೋಯುತ್ತದೆ ಎನ್ನುವುದಿಲ್ಲ. ರೊಟ್ಟಿ ಬಡಿದೆ. ಕೈಗೆ ಮುರಿದು ಕೊಟ್ಟರೆ ಶೇಂಗಾ ಚಟ್ನಿಯ ಕಡೆ ತಡವರಿಸುತ್ತಾಳೆ. "ಇದನ್ನ ತಿನ್ನೋಕೂ ಟ್ರೇನಿಂಗ್ ಬೇಕು ಆಂಟಿ" ಎಂದು ನಕ್ಕಳು. ನಕ್ಕರೆ ಕುತ್ತಿಗೆಯ ಗಾಯ ಎಳೆಯುತ್ತದೆ, ಆಗ ಸುಮ್ಮನಾಗುತ್ತಾಳೆ.

ಮಧ್ಯಾಹ್ನ ಹೊತ್ತು ಹೋಗುವುದಿಲ್ಲ ಅಂತ ದ್ವೀಪದ ಸುದ್ದಿ ತೆಗೆದಳು. ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ನೀವು ಬರೆದ್ರಲ್ಲ ಗಂಬೋ ಲಿಂಬೋ, ಅದರ ತೊಗಟೆ ಏನ್ ಬಣ್ಣ ಗೊತ್ತಾ? ತಾಮ್ರದ ಚೊಂಬಿಗೆ ಹುಣಸೇಹಣ್ಣು ಹಾಕಿ ಉಜ್ಜಿ, ತೊಳೆದ ತಕ್ಷಣ ಇರತ್ತಲ್ಲ, ಆ ಬಣ್ಣ. ಕೆಳಗೆ ಹಸಿರು. ಅಲ್ಲಿನ ಜನ ಅದನ್ನ ಟೂರಿಸ್ಟ್ ಮರ ಅಂತಾರೆ. ಬಿಸಿಲಿಗೆ ಕೆಂಪಾಗಿ ಸಿಪ್ಪೆ ಸುಲಿಯತ್ತಲ್ಲ, ಬಿಳಿಯರ ಮೂಗಿನ ಥರ!"

ನನ್ನ ಚೀಲದಲ್ಲಿ ಪುಟ್ಟ ವಾಟರ್‌ಕಲರ್ ಡಬ್ಬಿ ಇತ್ತು. ಸುಮ್ಮನೆ ತೆಗೆದೆ. ಅವಳು ಹೇಳುತ್ತ ಹೋದಳು, ನಾನು ಬಣ್ಣ ಕಲಸುತ್ತ ಹೋದೆ. ಕಡಲಂಚಿನ ಸೀ ಗ್ರೇಪ್ ಗಿಡದ ಎಲೆಯ ನರ ಬಳೆಯ ಕೆಂಪು. ಲಂಟಾನದ ಹೂವು ಒಳಗೆ ಅರಿಶಿನ, ಹೊರಗೆ ಕುಂಕುಮ. ಅಲ್ಲಿನ ಕಡಲು ಒಂದು ಕಡೆ ನವಿಲಿನ ಕುತ್ತಿಗೆ, ಇನ್ನೊಂದು ಕಡೆ ತಿಳಿಮಜ್ಜಿಗೆಗೆ ಒಂದು ಹನಿ ನೀಲಿ ಬಿಟ್ಟ ಹಾಗೆ.

ಕಣ್ಣು ಕಟ್ಟಿದ್ದರೂ ನನಗಿಂತ ಹೆಚ್ಚು ಕಾಣುತ್ತಾಳೆ. ಇಂಥ ಸ್ಥಿತಿಯಲ್ಲಿರುವವಳ ಮೇಲೂ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ? ಇದ್ದಾರೆ. ಅವಳ ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದಾರೆ.

ಜೂನ್ 5, ಗುರುವಾರ

ಇವತ್ತು ಊಟವಾದ ಮೇಲೆ ಕೇಳಿದಳು.

"ಆಂಟಿ, ಮ್ಯಾಂಚಿನೀಲ್ ಎಲೆ ಹೇಗಿರತ್ತೆ? ಅದರ ಕೆಳಗೇ ನಿಂತಿದ್ದೆ, ಆದ್ರೆ ಸರಿಯಾಗಿ ನೋಡಲೇ ಇಲ್ಲ."

ಹೇಳಿದೆ. ಹೊಳಪಿನ ಎಲೆ, ಅರಳಿ ಎಲೆಯ ಬಾಲ ಕತ್ತರಿಸಿದ ಹಾಗೆ. ಉದ್ದನೆಯ ತೊಟ್ಟು. ತೊಟ್ಟು ಎಲೆಗೆ ಸೇರುವಲ್ಲಿ ಸಾಸಿವೆಯಷ್ಟು ಗುಳ್ಳೆ, ಅದೇ ಗುರುತು.

ಅವಳು ಹೆಬ್ಬೆರಳು, ತೋರುಬೆರಳು ಸೇರಿಸಿ ಸಾಸಿವೆಯಷ್ಟನ್ನು ಅಳೆದಳು.

"ಇದನ್ನೇ ನಾನು ಅವತ್ತು ಕೇಳಿದ್ದು."

"ಹೌದು."

"ನೀವು ಬಿಜಿ ಇದ್ರಿ ಅಲ್ವಾ?"

ಬಾಗಿಲು ತೆರೆದು ಕೊಟ್ಟಿದ್ದಳು. ಹೌದು, ಬಿಜಿ ಇದ್ದೆ ಎಂದರೆ ಮುಗಿಯುತ್ತಿತ್ತು. ಅವಳಿಗೆ ನನ್ನ ಮುಖ ಕೂಡ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ. ಅದರ ಚಿತ್ರ ಟೇಬಲ್ ಮ್ಯಾಲನ ಇತ್ತು. ನೀ ಬರೂದು ನೋಡಿ ಮುಚ್ಚಿದೆ."

"ಯಾಕೆ?"

"ಹೊಟ್ಟಿಕಿಚ್ಚು. ನಿನ್ನ ಕಳಸ್ಲಿಕ್ಕತ್ತಿದ್ರಲ್ಲ, ಅದಕ್ಕ."

ಅವಳ ಕೈ ಹಾಸಿಗೆಯ ಮೇಲೆ ಏನನ್ನೋ ಹುಡುಕಿತು. ಫೋನು. "ಅಭಿಷೇಕ್ ಆಫೀಸಿಗೆ ಫೋನ್ ಮಾಡಿ ಕೊಡಿ" ಎಂದಳು. ಅಂಕಿ ಒತ್ತಿ ಅವಳ ಕೈಗಿಟ್ಟು ಅಡುಗೆಮನೆಗೆ ಬಂದೆ. ಸಿಂಕಿನ ಮುಂದೆ ನಿಂತು, ನಲ್ಲಿ ಬಿಡದೆ, ಕಿವಿಗೊಟ್ಟು ಕೇಳಿದೆ. ನಾಚಿಕೆಗೇಡು, ಆದರೂ ಕೇಳಿದೆ.

"ಊಟ ಆಯ್ತು. ಡ್ರಾಪ್ಸ್ ಹಾಕಿದ್ರು. ಹೂಂ, ನೋಡ್ಕೋತಿದಾರೆ. ಇಲ್ಲ, ಏನೂ ಇಲ್ಲ. ಸುಮ್ನೆ ಮಾಡ್ದೆ."

ಅಷ್ಟೇ. ಅವನಿಗೆ ಹೇಳಲಿಲ್ಲ.

ಜೂನ್ 6, ಶುಕ್ರವಾರ

ಬೆಳಗ್ಗೆ "ರೊಟ್ಟಿ ಬೇಡ, ಅನ್ನ ಸಾಕು" ಎಂದಳು. ಮಾಡಿದೆ. ಪಟ್ಟಿ ಕಟ್ಟುವಾಗ ಸೆರಗು ಹಿಡಿಯಲಿಲ್ಲ, ಕುರ್ಚಿಯ ಕೈ ಹಿಡಿದುಕೊಂಡಳು.

ಸಂಜೆ ಕೇಳಿದೆ: "ನಾ ಹೋಗಲೇನು? ಬ್ಯಾರೆ ಯಾರಿಗರೆ ಹೇಳಿ ಕರಸ್ತೀನಿ."

"ನನಗೆ ಇನ್ನೂ ಕೋಪ ಇದೆ. ನಾಳೆನೂ ಇರತ್ತೆ. ಹಾಗಂತ ನೀವು ಹೋದ್ರೆ ಡ್ರಾಪ್ಸ್ ಯಾರು ಹಾಕ್ತಾರೆ? ಇರಿ ನೀಲಾ."

ನೀಲಾ. ಆಂಟಿ ಇಲ್ಲ. ನನಗೆ ಬೇಕಾಗಿದ್ದು ಅದೇ ಅಲ್ಲವೇ? ಒಗ್ಗರಣೆ ಸೀದುಹೋಗುವ ತನಕ ಒಲೆಯ ಮುಂದೆ ನಿಂತಿದ್ದೆ.

ಜೂನ್ 12, ಗುರುವಾರ

ಪಟ್ಟಿ ಬಿಚ್ಚಿದರು. ಫೇರ್‌ಫ್ಯಾಕ್ಸ್‌ನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಒಳಗೆ ಕತ್ತಲು ಮಾಡಿ, ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಸುತ್ತು ತೆಗೆದರು. ನಾನು ಗೋಡೆಗೆ ಒತ್ತಿ ನಿಂತಿದ್ದೆ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ರೆಪ್ಪೆ ಊದಿಕೊಂಡಿತ್ತು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿ,

"ನೀವು ತೆಳ್ಳಗಾಗಿದೀರಾ" ಎಂದಳು.

ಎಡಗಣ್ಣಿನಲ್ಲಿ ಸ್ವಲ್ಪ ಮಂಜು. ಅದೂ ಹೋಗುತ್ತದೆಯಂತೆ. ಬಿಸಿಲಿಗೆ ಈ ವರ್ಷ ಹೋಗಬಾರದು.

ಪಾರ್ಕಿಂಗ್ ಲಾಟಿನಲ್ಲಿ ಅವಳಿಗೆ ಕಪ್ಪು ಕನ್ನಡಕ ಹಾಕಿ ಕಾರಲ್ಲಿ ಕೂರಿಸಿ, ನಾನು ಹೊರಗೇ ನಿಂತು ಅತ್ತೆ. ದಾರಿಹೋಕಳೊಬ್ಬಳು ನಿಂತು, ಎಲ್ಲ ಸರಿಯಿದೆಯೇ ಎಂದು ಕೇಳಿದಳು. ಸರಿಯಿದೆ ಎಂದೆ.

ಮನೆಗೆ ಬಂದ ಮೇಲೆ ಮೊದಲು ಕೇಳಿದ್ದು ನನ್ನ ಬಣ್ಣದ ಹಾಳೆಗಳನ್ನು. ಒಂದೊಂದೇ ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ತಾಮ್ರ ಕರೆಕ್ಟು. ಕಡಲು ತಪ್ಪು." ಎಷ್ಟು ಸಿಟ್ಟು ಬಂತೆಂದರೆ! ಕುರುಡಾಗಿ ಹೇಳಿದ್ದನ್ನು ನೋಡದೆ ಬರೆದದ್ದು, ಅದಕ್ಕೂ ತಪ್ಪು. ನೀಲಿಯನ್ನು ಮತ್ತೆ ಕಲಸಿದೆ. ಎರಡನೆಯದಕ್ಕೆ ಸರಿಯೆಂದು ತಲೆಯಾಡಿಸಿದಳು.

ಆಗಸ್ಟ್ 19, ಮಂಗಳವಾರ

ಹಾರ್ಮನ್ ಕೋಣೆಗೆ ಕರೆದು, ಅಕ್ಟೋಬರಿನಲ್ಲಿ ಮಳೆಗಾಲದ ಹೂಗಳನ್ನು ನೋಡಿಯೇ ಬರೆಯಬೇಕಾಗಿದೆ, ನೀನು ಬರುತ್ತೀಯಾ ಎಂದರು. ಬರುತ್ತೇನೆ ಎನ್ನುವಷ್ಟರಲ್ಲಿ, "ಶ್ರೀಲತಾ ಬಹಳ ಒತ್ತಾಯ ಮಾಡಿದಳು" ಎಂದು ಸೇರಿಸಿದರು.

ಅಲ್ಲಿಗೆ ಅರ್ಧ ಸಂತೋಷ ಹೋಯಿತು. ಅವಳ ಕೈಯಿಂದ ಬಂದ ದ್ವೀಪ! ನೇರ ಅವಳ ಟೇಬಲ್ಲಿಗೆ ಹೋದೆ.

"ನಿನಗ ಯಾರ ಹೇಳಂದ್ರು?"

"ಯಾರೂ ಹೇಳಿಲ್ಲ. ನನಗೆ ಅಕ್ಟೋಬರ್ ಹೂಗಳ ಬಣ್ಣ ಬೇಕು. ಹೋಗಿ ಬಂದು ಹೇಳಿ." ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದಳು.

ಕೋಪ ಹೋಗಿದೆಯೋ ಇಲ್ಲವೋ ಅವಳ ಮುಖ ನೋಡಿದರೆ ಗೊತ್ತಾಗುವುದಿಲ್ಲ. ಗುರುರಾಜರಿಗೆ ಹೇಳಿದರೆ, "ಹೋಗು, ಸುಮ್ಮ ಹೋಗು, ಇಲ್ಲಾಂದ್ರ ನಂಗ ಇನ್ನಾರು ವರ್ಷ ತುಪ್ಪ ಸಿಗೂದಿಲ್ಲ" ಎಂದರು. ಅಂದರೆ ಅವತ್ತು ಗಮನಿಸಿದ್ದರು.

ಅಕ್ಟೋಬರ್ 22, ಬುಧವಾರ. ಸೇಂಟ್ ಕ್ರಾಯ್

ಬಂದಿದ್ದೇನೆ. ಬಂದು ಮೂರನೆಯ ದಿನ.

ಏನು ಬರೆಯಲಿ? ಗಂಬೋ ಲಿಂಬೋ ಮರವನ್ನು ಮುಟ್ಟಿದೆ. ತೊಗಟೆಯ ಸುರುಳಿ ಬೆರಳಿಗೆ ಈರುಳ್ಳಿ ಸಿಪ್ಪೆಯ ಹಾಗೆ ಹತ್ತಿತು. ಬಣ್ಣ ಅವಳು ಹೇಳಿದ್ದೇ. ಸೀ ಗ್ರೇಪ್ ಎಲೆಯ ಬಳೆಗೆಂಪು ಅವಳು ಹೇಳಿದ್ದೇ. ಹಾರ್ಮನ್ ಮುಂದೆ ನಡೆಯುತ್ತಿದ್ದರೆ ನಾನು ಹಿಂದೆ, ಪ್ರತಿ ತಿರುವಿನಲ್ಲೂ ಇದು ಗೊತ್ತು, ಇದು ಗೊತ್ತು ಎನ್ನುತ್ತ. ಎಲ್ಲ ಅಚ್ಚರಿಯನ್ನೂ ಮೊದಲೇ ಖರ್ಚು ಮಾಡಿಬಿಟ್ಟಿದ್ದಾಳೆ. ಮೇ ತಿಂಗಳಲ್ಲಿ ಇದನ್ನೆಲ್ಲ ಯಾರೂ ಹೇಳದೆಯೇ ನೋಡಿದಳಲ್ಲ, ಆ ಭಾಗ್ಯ ನನಗೆ ಇನ್ನು ಬರುವುದಿಲ್ಲ.

ಇವತ್ತು ಗುಡ್ಡದ ಬೆನ್ನಿಗೆ ಒಂದು ಬಳ್ಳಿ ಸಿಕ್ಕಿತು. ಪುಟ್ಟ ಹೂವು, ಕಪಾಟಿನಲ್ಲಿ ಅದರ ಒಂದೇ ಹಾಳೆಯಿದೆ, ಹೂ ಕಪ್ಪಾಗಿ ಹೋಗಿದೆ. ಇಲ್ಲಿ ಅದು ಬೂದು ಕುಂಬಳದ ಒಳಮೈಯ ಬಿಳುಪು, ಗಂಟಲಲ್ಲಿ ಮಾತ್ರ ನೇರಳೆ. ಇದನ್ನು ಅವಳು ನೋಡಿಲ್ಲ! ಅಂಗಡಿಯ ಹೊರಗಿನ ಫೋನಿನಿಂದ ಸೆಂಟರ್‌ವಿಲ್‌ಗೆ ಹಚ್ಚಿದೆ. ಫೋನ್ ಕಾರ್ಡಿನ ನಿಮಿಷಗಳೆಲ್ಲ ಮುಗಿದವು. ಗುರುರಾಜರಿಗೆ ಮಾಡಲು ಉಳಿಯಲಿಲ್ಲ.

"ನೇರಳೆ ಅಂದ್ರೆ ಯಾವ ನೇರಳೆ? ಬದನೇಕಾಯಿದಾ, ನೇರಳೆಹಣ್ಣು ತಿಂದ ನಾಲಿಗೇದಾ?"

"ನಾಲಿಗಿದು. ತಿಂದು ಸ್ವಲ್ಪ ಹೊತ್ತಾದ ಮ್ಯಾಲಿಂದು."

"ಆಂಟಿ, ನಿಧಾನ. ಬರ್ಕೋತಿದೀನಿ."

ಆಂಟಿ ಎಂದಳು. ಮರೆತು ಬಂದಿರಬೇಕು ಬಾಯಿಗೆ. ನಾನು ತಿದ್ದಲು ಹೋಗಲಿಲ್ಲ. ಮಳೆ ಶುರುವಾಯಿತು, ಹಂಚಿನ ಸೂರಿನ ಕೆಳಗೆ ಬಹಳ ಹೊತ್ತು ನಿಂತಿದ್ದೆ.

ಡಿಸೆಂಬರ್ 4, ಗುರುವಾರ

ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಪ್ರತಿಭಾ. ಶಾರ್ಲಟ್ಟಿನವಳು, ಅಪ್ಪ ಅಮ್ಮ ಇಬ್ಬರೂ ಬಿಜಾಪುರದ ಕಡೆಯ ಡಾಕ್ಟರರು, ಇವಳು ಶಾರ್ಲಟ್ಟಿನಲ್ಲೇ ಹುಟ್ಟಿದವಳು. ಕನ್ನಡವನ್ನು ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡಂತೆ ಆಡುತ್ತಾಳೆ. ಹಾರ್ಮನ್ ಅವಳನ್ನು ನಮ್ಮ ಶ್ರೀಲತಾಳ ಪಕ್ಕದ ಟೇಬಲ್ಲಿಗೆ ಹಾಕಿದ್ದಾರೆ.

ಇವತ್ತು ಊಟದ ಹೊತ್ತಿಗೆ ಬದನೇಕಾಯಿ ಎಣ್ಣೆಗಾಯಿ, ರೊಟ್ಟಿ ತೆಗೆದುಕೊಂಡು ಕೆಳಗೆ ಹೋದರೆ ಶ್ರೀಲತಾ ಇಲ್ಲ. ವಾಲ್ಟರ್ ಹೇಳಿದ, ಇಬ್ಬರೂ ಹೊರಗೆ ಪಿಟ್ಜಾ ತಿನ್ನಲು ಹೋದರೆಂದು. ಒಬ್ಬಳೇ ತಿಂದೆ. ರೊಟ್ಟಿ ಗಟ್ಟಿಯಾಗಿತ್ತು. ಪಿಟ್ಜಾ ಅಂತೆ, ಈ ಚಳಿಯಲ್ಲಿ, ಕಣ್ಣು ಇನ್ನೂ ಪೂರ್ತಿ ವಾಸಿಯಾಗದವಳನ್ನು ಗಾಳಿಯಲ್ಲಿ ನಡೆಸಿಕೊಂಡು.

ನಗುತ್ತ ಬಂದರು. ಆ ಪ್ರತಿಭಾ ಅವಳ ತೋಳು ಹಿಡಿದುಕೊಂಡಿದ್ದಳು.

"ಶ್ರೀಲತಾ ಅಕ್ಕ ಈಸ್ ಸೋ ಫನ್ನಿ, ಆಂಟಿ! ಅಕ್ಕ ನನ್ಗೆ ಎಲ್ಲಾ ಪ್ಲಾಂಟ್ಸ್ ಟೀಚ್ ಮಾಡ್ತಾಳೆ."

"ಕಲಿ, ಕಲಿ" ಎಂದೆ. ನನ್ನ ಟೇಬಲ್ಲಿಗೆ ಬಂದು ಕುಳಿತೆ. ಶ್ರೀಲತಾ ಹಿಂದೆಯೇ ಬಂದು, "ಎಣ್ಣೆಗಾಯಿ ಉಳಿದಿದ್ಯಾ?" ಎಂದು ಡಬ್ಬಿ ಅಲುಗಾಡಿಸಿ ನೋಡಿದಳು. ಇಲ್ಲ, ಮುಗಿಯಿತು ಎಂದೆ. ಇತ್ತು. ಕೆಳಗಿನ ಡಬ್ಬಿಯಲ್ಲಿತ್ತು.

ಮನೆಗೆ ಬರುವಾಗ ಗುರುರಾಜರು, ಯಾರ ಮೇಲೆ ಸಿಟ್ಟು ಎಂದು ಕೇಳಿದರು. ಯಾರ ಮೇಲೂ ಇಲ್ಲ. ಯಾರ ಮೇಲೆ ಇರಬೇಕು? ಆ ಹುಡುಗಿ ಒಳ್ಳೆಯವಳೇ. ಆದರೆ ಬಂದು ಇನ್ನೂ ಮೂರು ದಿನ. ಮೂರೇ ದಿನಕ್ಕೆ ಶ್ರೀಲತಾಳ ತೋಳು ಹಿಡಿದುಕೊಂಡು ನಡೆಯುತ್ತಾಳೆ. ನನಗೆ ಒಂದು ವರ್ಷ ಹಿಡಿಯಿತು.